ಕಲಬುರಗಿ, ಬೀದರ್, ಯಾದಗಿರಿ ಕೋರ್ಟುಗಳಿಂದ ವಿಚ್ಛೇದನದ ಡಿಕ್ರಿ ನಕಲು ಪಡೆಯುವುದು ಹೇಗೆ

"ಡೈವೋರ್ಸ್ ಸರ್ಟಿಫಿಕೇಟ್ ಎಲ್ಲಿ ಸಿಗ್ತದ್ರೀ?" ಅಂತ ಕೇಳಿಕೊಂಡು ಕೋರ್ಟಿಗೆ ಬರುವವರು ಬಹಳ. ಆ ಹೆಸರಿನ ಕಾಗದವನ್ನು ನಮ್ಮಲ್ಲಿ ಯಾವ ಕಚೇರಿಯೂ ಕೊಡುವುದಿಲ್ಲ. ಜನನ, ಮರಣ, ಮದುವೆಗೆ ಇರುವಂಥ ನೋಂದಣಿ ಪುಸ್ತಕ ವಿಚ್ಛೇದನಕ್ಕಿಲ್ಲ. ಪಾಸ್‌ಪೋರ್ಟ್ ಕಚೇರಿ, ಪಿಂಚಣಿ ಶಾಖೆ, ಮರುಮದುವೆ ನೋಂದಾಯಿಸುವ ಸಬ್ ರಿಜಿಸ್ಟ್ರಾರ್, ಎಲ್ಲರೂ ನೋಡುವುದು ನ್ಯಾಯಾಲಯದ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲನ್ನೇ. ತೀರ್ಪಿನಲ್ಲಿ ಪ್ರಕರಣದ ಕಥೆ, ಸಾಕ್ಷಿ, ಕಾರಣ ಎಲ್ಲ ಇರುತ್ತದೆ. ಡಿಕ್ರಿಯಲ್ಲಿ ಕೊನೆಗೆ ಆದ ಆದೇಶವಷ್ಟೇ ಒಂದೆರಡು ಪುಟದಲ್ಲಿ ಇರುತ್ತದೆ. ಅರ್ಜಿ ಹಾಕುವಾಗ ಎರಡನ್ನೂ ಕೇಳಿ. ತೀರ್ಪನ್ನಷ್ಟೇ ಒಯ್ದವರನ್ನು ಮುಂದಿನ ಕಚೇರಿ "ಡಿಕ್ರಿ ಎಲ್ಲಿ?" ಎಂದು ವಾಪಸ್ ಕಳಿಸುತ್ತದೆ, ಮತ್ತೆ ಬಸ್ ಹತ್ತಬೇಕಾಗುತ್ತದೆ.

ಹೊಸದಾಗಿ ಅರ್ಜಿ ಹಾಕುವ ಮುಂಚೆ ಹಳೆಯ ವಕೀಲರಿಗೆ ಒಂದು ಫೋನ್ ಮಾಡಿ. ಹಿಂದೂ ವಿವಾಹ ಕಾಯ್ದೆಯ 23(4)ನೇ ಕಲಮಿನಂತೆ, ವಿಚ್ಛೇದನದ ಡಿಕ್ರಿಯಾದಾಗ ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ನಕಲನ್ನು ನ್ಯಾಯಾಲಯ ಉಚಿತವಾಗಿ ಕೊಡಬೇಕು. ಆ ನಕಲು ವಕೀಲರ ಫೈಲಿನಲ್ಲೇ ಉಳಿದುಬಿಟ್ಟಿರುವುದು ಎಷ್ಟೋ ಸಲ ಕಾಣುತ್ತದೆ. ನಕಲು ಸಿಗದಿದ್ದರೂ ಪ್ರಕರಣದ ಸಂಖ್ಯೆಯಾದರೂ ಸಿಗುತ್ತದೆ, ಅದು ಅರ್ಧ ಕೆಲಸ.

ಮೊದಲು ಕೋರ್ಟು ಯಾವುದು ಅಂತ ಗೊತ್ತಾಗಬೇಕು

ಕಲಬುರಗಿಯಲ್ಲೂ ಬೀದರ್‌ನಲ್ಲೂ ಕೌಟುಂಬಿಕ ನ್ಯಾಯಾಲಯವಿದೆ. ಆದರೆ ಎಲ್ಲ ವಿಚ್ಛೇದನವೂ ಅಲ್ಲೇ ಆಗಿರುತ್ತದೆ ಅಂದುಕೊಳ್ಳಬೇಡಿ. ಕೌಟುಂಬಿಕ ನ್ಯಾಯಾಲಯ ಬರುವುದಕ್ಕೆ ಮುಂಚಿನವು, ಅದರ ವ್ಯಾಪ್ತಿಯ ಹೊರಗಿನವು ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ ನಡೆದಿರುತ್ತವೆ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಯಾದಗಿರಿ, ಶಹಾಪುರ, ಸುರಪುರ ಕಡೆಯ ಅದಕ್ಕಿಂತ ಹಳೆಯ ಪ್ರಕರಣ ಅಲ್ಲಿ ಸಿಗದಿದ್ದರೆ ಕಲಬುರಗಿಯಲ್ಲೂ ಹುಡುಕಿಸಿ. 2014ರ ನವೆಂಬರ್ 1ಕ್ಕೆ ಮುಂಚಿನ ಕಾಗದದಲ್ಲಿ ಊರಿನ ಹೆಸರು ಗುಲಬರ್ಗಾ ಅಂತಲೇ ಇರುತ್ತದೆ. ಅದು ತಪ್ಪಲ್ಲ, ತಿದ್ದಿಸಲು ಹೋಗಬೇಡಿ.

ನಮ್ಮದು ಗಡಿ ಸೀಮೆ. ಔರಾದ್, ಭಾಲ್ಕಿಯಿಂದ ಉದಗೀರ್, ಲಾತೂರಿಗೆ, ಆಳಂದ, ಅಫಜಲಪುರದಿಂದ ಅಕ್ಕಲಕೋಟ, ಸೊಲ್ಲಾಪುರಕ್ಕೆ, ಗುರುಮಠಕಲ್‌ನಿಂದ ನಾರಾಯಣಪೇಟೆಗೆ ಹೆಣ್ಣು ಕೊಟ್ಟು ತಂದು ಮಾಡುವುದು ಹಿಂದಿನಿಂದಲೂ ಇದೆ. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮು ವಿಚ್ಛೇದನದ ಅರ್ಜಿ ಎಲ್ಲಿ ಹಾಕಬಹುದು ಎಂದು ಹೇಳುತ್ತದೆ: ಮದುವೆಯಾದ ಊರು, ಇಬ್ಬರೂ ಕೊನೆಗೆ ಜೊತೆಗಿದ್ದ ಊರು, ಎದುರುದಾರರು ಇರುವ ಊರು. ಅರ್ಜಿ ಹೆಂಡತಿಯದಾದರೆ ಆಕೆ ಇರುವ ಊರೂ ಸರಿ. ಆಕೆಗೆ ಈ ಅನುಕೂಲ ಸಿಕ್ಕಿದ್ದು 2003ರ ತಿದ್ದುಪಡಿಯಿಂದ. ಪ್ರಕರಣ ಎಲ್ಲಿ ನಡೆಯಿತೆಂಬುದೇ ಗೊತ್ತಿಲ್ಲದಿದ್ದರೆ ಈ ಊರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಒಂದೊಂದಾಗಿ ಹುಡುಕಿ. ಕಲಬುರಗಿಯಲ್ಲಿ ತಿಂಗಳುಗಟ್ಟಲೆ ಹುಡುಕಿದ ಫೈಲು ಸೊಲ್ಲಾಪುರದಲ್ಲಿರಬಹುದು.

ಪ್ರಕರಣದ ಸಂಖ್ಯೆ ಹುಡುಕುವುದು

ಇಲ್ಲಿ ಕೊಟ್ಟ ಸಮಯ ದಂಡವಾಗುವುದಿಲ್ಲ. ಸಂಖ್ಯೆಯಿಲ್ಲದೆ ಕೌಂಟರಿಗೆ ಹೋದರೆ ಗುಮಾಸ್ತರು ಹಳೆಯ ರಿಜಿಸ್ಟರ್ ತಿರುವಬೇಕಾಗುತ್ತದೆ, "ನಾಳೆ ಬರ್ರಿ" ಅನ್ನುವುದು ಅಲ್ಲಿಂದಲೇ ಶುರು.

ಮೊಬೈಲಿನಲ್ಲಿ ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್ ಅಥವಾ ಅದರ ಜಾಲತಾಣ ತೆರೆಯಿರಿ. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಪಕ್ಷಗಾರರ ಹೆಸರಿನಿಂದ ಹುಡುಕುವ ಭಾಗಕ್ಕೆ ಹೋಗಿ. ಹೆಸರಿನ ಕನಿಷ್ಠ ಮೂರು ಅಕ್ಷರ, ಅರ್ಜಿ ದಾಖಲಾದ ವರ್ಷ ಎರಡೂ ಬೇಕು. ಹೆಚ್ಚಿನವರು ಎಡವುವುದು ಮೂರು ಕಡೆ. ಒಂದು, ಪೂರ್ತಿ ಹೆಸರು ಬರೆಯುತ್ತಾರೆ. ಶರಣಬಸಪ್ಪ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಥರ ಬರೆಯುತ್ತಾರೆ. ಟೈಪಿಸ್ಟ್ ಯಾವ ಥರ ಹೊಡೆದಿದ್ದಾರೋ ನಿಮಗೆ ಗೊತ್ತಿಲ್ಲ. ಹಾಗಾಗಿ ಮೊದಲ ನಾಲ್ಕು ಅಕ್ಷರವಷ್ಟೇ ಹಾಕಿ. ಎರಡು, ಇತ್ಯರ್ಥವಾದ ಪ್ರಕರಣ ಎಂದು ಗುರುತು ಹಾಕುವುದನ್ನು ಮರೆತು ಬಾಕಿ ಪ್ರಕರಣಗಳಲ್ಲೇ ಹುಡುಕುತ್ತಾರೆ. ಮೂರು, ತೀರ್ಪಾದ ವರ್ಷ ಹಾಕುತ್ತಾರೆ. ಬೇಕಾಗಿರುವುದು ಅರ್ಜಿ ಹಾಕಿದ ವರ್ಷ. 2019ರಲ್ಲಿ ತೀರ್ಪಾಗಿದ್ದರೆ 2018, 2017, 2016 ಹೀಗೆ ಹಿಂದಕ್ಕೆ ಹೋಗುತ್ತಾ ನೋಡಿ. ಗಂಡನ ಹೆಸರಿನಿಂದ ಸಿಗದಿದ್ದರೆ ಹೆಂಡತಿಯ ಹೆಸರಿನಿಂದ ಹುಡುಕಿ.

ವಿಚ್ಛೇದನದ ಪ್ರಕರಣಕ್ಕೆ ನಮ್ಮ ಕೋರ್ಟುಗಳಲ್ಲಿ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ಎಂಬ ಸಂಖ್ಯೆ ಇರುತ್ತದೆ, ಎಂ.ಸಿ. 45/2016 ಎಂಬ ರೀತಿಯಲ್ಲಿ. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಡಿ ಹೆಂಡತಿ ಹಾಕಿದ್ದು ಓ.ಎಸ್. (ಒರಿಜಿನಲ್ ಸೂಟ್) ಸಂಖ್ಯೆಯಲ್ಲಿರಬಹುದು, ಅದನ್ನೂ ನೋಡಿ. ಅದೇ ಇಬ್ಬರ ಹೆಸರಿನಲ್ಲಿ ಕ್ರಿಮಿನಲ್ ಮಿಸ್ ಎಂದು ಇನ್ನೊಂದು ಕಂಡರೆ ಅದು ಸಾಮಾನ್ಯವಾಗಿ ಜೀವನಾಂಶದಂಥ ಪ್ರಕರಣ, ವಿಚ್ಛೇದನದ್ದಲ್ಲ. ಎಂ.ಸಿ. ಅಂದ ಮಾತ್ರಕ್ಕೂ ವಿಚ್ಛೇದನ ಎನ್ನಲಾಗದು. ದಾಂಪತ್ಯ ಹಕ್ಕಿನ ಮರುಸ್ಥಾಪನೆ (ಮತ್ತೆ ಜೊತೆಗಿರಬೇಕು ಎಂದು ಕೇಳುವುದು), ನ್ಯಾಯಿಕ ಪ್ರತ್ಯೇಕತೆಯ (ಮದುವೆ ಮುರಿಯದೆ ಬೇರೆ ಇರುವುದು) ಅರ್ಜಿಗಳೂ ಅದೇ ಸಾಲಿನಲ್ಲಿ ಬರುತ್ತವೆ. ಯಾವ ಕಲಮು ಎಂದು ತೆರೆಯ ಮೇಲೆ ತೋರಿಸುತ್ತದೆ: ಹಿಂದೂ ವಿವಾಹ ಕಾಯ್ದೆಯ 13 ಅಥವಾ 13ಬಿ ಇದ್ದರೆ ವಿಚ್ಛೇದನ, ಅದೇ ಕಾಯ್ದೆಯ 9 ಅಥವಾ 10 ಇದ್ದರೆ ಅಲ್ಲ. ಜೊತೆಗೆ ಕಾಣುವ 16 ಅಕ್ಷರ–ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಅದಿದ್ದರೆ ಇನ್ನು ಮುಂದೆ ಹೆಸರು, ವರ್ಷದ ಗೋಜಿಲ್ಲ.

ಗಂಡಹೆಂಡಿರ ಪ್ರಕರಣಗಳಲ್ಲಿ ಆದೇಶದ ಪ್ರತಿ ಜಾಲತಾಣದಲ್ಲಿ ತೆರೆಯದೇ ಇರಬಹುದು. ಈ ವಿಚಾರಣೆಗಳು ಮುಚ್ಚಿದ ಬಾಗಿಲಲ್ಲೇ ನಡೆಯಬೇಕು, ಅದರ ವಿವರ ಪ್ರಕಟಿಸಬಾರದು ಎಂದು ಹಿಂದೂ ವಿವಾಹ ಕಾಯ್ದೆಯ 22ನೇ ಕಲಮು ಹೇಳುತ್ತದೆ. ತೆರೆದರೂ ಅದರ ಪ್ರಿಂಟು ದೃಢೀಕೃತ ನಕಲಾಗದು.

ನಕಲು ಅರ್ಜಿ

ಅರ್ಜಿ ಹಾಕಬೇಕಾದ್ದು ತೀರ್ಪು ಕೊಟ್ಟ ನ್ಯಾಯಾಲಯದ ನಕಲು ಶಾಖೆಯಲ್ಲಿ. ನೀವೇ ಪಕ್ಷಗಾರರಾಗಿದ್ದರೆ ವಕೀಲರಿಲ್ಲದೆಯೂ ಹಾಕಬಹುದು. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಒಯ್ಯಿರಿ. ಅರ್ಜಿಯಲ್ಲಿ ಇಷ್ಟು ಇದ್ದರೆ ಸಾಕು:

"ಎಂ.ಸಿ. ಸಂಖ್ಯೆ ___/___ರಲ್ಲಿ ನಾನು ಅರ್ಜಿದಾರ/ಎದುರುದಾರನಾಗಿರುತ್ತೇನೆ. ಸದರಿ ಪ್ರಕರಣದಲ್ಲಿ ದಿನಾಂಕ ___ರಂದು ನೀಡಿದ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲುಗಳು ತಲಾ ಮೂರು ಪ್ರತಿ ಬೇಕಾಗಿವೆ."

ಮೂರು ಪ್ರತಿ ಅನ್ನುವುದಕ್ಕೆ ಕಾರಣವಿದೆ. ಒಂದು ಕಚೇರಿ ಇಟ್ಟುಕೊಂಡರೆ ಇನ್ನೊಂದು ಕಚೇರಿಗೆ ಮೂಲ ಮೊಹರಿರುವುದೇ ಬೇಕಾಗುತ್ತದೆ, ಮೂರನೆಯದು ಮನೆಯಲ್ಲಿರಲಿ. 13ಬಿ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ ರಾಜಿ ಪತ್ರದ ನಕಲನ್ನೂ ಕೇಳಿ. ಮಕ್ಕಳು ಯಾರ ಹತ್ತಿರ, ಬಂಗಾರ ಯಾರಿಗೆ, ಹಣ ಎಷ್ಟು ಎಂಬುದೆಲ್ಲ ಅದರಲ್ಲೇ ಇರುತ್ತದೆ.

ಶುಲ್ಕ ಪುಟದ ಲೆಕ್ಕದಲ್ಲಿ. ಅರ್ಜಿ ಹಾಕಿದ ಮೇಲೆ ಫೈಲು ರೆಕಾರ್ಡ್ ರೂಮಿನಿಂದ ಬರಬೇಕು, ಪುಟ ಎಣಿಸಬೇಕು, ಆಮೇಲೆ ಇಷ್ಟು ಕಟ್ಟಿ ಅನ್ನುತ್ತಾರೆ. ಈ ನಡುವೆ ಮನೆಯಲ್ಲಿ ಸುಮ್ಮನೆ ಕೂತರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ದುಡ್ಡು ಕಟ್ಟದ ಅರ್ಜಿ ವಜಾ ಆಗುತ್ತದೆ. ನಕಲು ಅರ್ಜಿಯ ಸಂಖ್ಯೆ ಬರೆದುಕೊಂಡು ಎರಡು ಮೂರು ದಿನ ಬಿಟ್ಟು ನೋಟಿಸ್ ಬೋರ್ಡ್ ನೋಡಿ, ಇಲ್ಲವೇ ಶಾಖೆಯಲ್ಲಿ ವಿಚಾರಿಸಿ. ಹೊಸ ತೀರ್ಪಾದರೆ ಇನ್ನೊಂದು ತಡವಿದೆ: ಡಿಕ್ರಿ ಪ್ರತ್ಯೇಕವಾಗಿ ತಯಾರಾಗಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆ ಅದಕ್ಕೆ 15 ದಿನದ ಮಿತಿ ಇಟ್ಟಿದೆ. ತೀರ್ಪಾದ ಮರುದಿನವೇ ಡಿಕ್ರಿ ಸಿಗಲಿಲ್ಲ ಎಂದು ಗಾಬರಿಯಾಗಬೇಡಿ.

ಕೋರ್ಟಿನ ಬೇಸಿಗೆ ರಜೆಯನ್ನೂ, ಬೇರೆ ಕಚೇರಿಗಳ ಬೇಸಿಗೆ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ಅದೇ ದಿನ ತಹಶೀಲ್ ಕಚೇರಿ ಕೆಲಸವೂ ಇದ್ದರೆ ಮೊದಲು ಅಲ್ಲಿಗೆ ಹೋಗಿ.

ಪಕ್ಷಗಾರರಲ್ಲದವರಿಗೆ, ಅಂದರೆ ತಂದೆತಾಯಿ, ಮಕ್ಕಳು, ಎರಡನೇ ಮದುವೆಗೆ ಸಂಬಂಧ ನೋಡುತ್ತಿರುವವರಿಗೆ, ನಕಲು ಸಲೀಸಾಗಿ ಸಿಗದು. ಯಾಕೆ ಬೇಕು ಎಂದು ಅಫಿಡವಿಟ್ ಕೊಟ್ಟು ನ್ಯಾಯಾಧೀಶರ ಅನುಮತಿ ಪಡೆಯಬೇಕು. ಪಿಂಚಣಿ, ವಾರಸಾ ಹಕ್ಕಿನಂಥ ಕಾರಣವಿದ್ದರೆ ಅದರ ಕಾಗದ ಲಗತ್ತಿಸಿ. ಮಾಹಿತಿ ಹಕ್ಕಿನಲ್ಲಿ ತೆಗೆಸುತ್ತೇವೆ ಎನ್ನುವವರಿದ್ದಾರೆ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದಂತೆಯೇ ಕೇಳಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿದೆ. ಎರಡನೇ ಸಂಬಂಧ ನೋಡುವವರಿಗೆ ನೇರ ದಾರಿ ಒಂದೇ: ಡಿಕ್ರಿಯನ್ನು ಹುಡುಗ ಅಥವಾ ಹುಡುಗಿಯ ಕಡೆಯವರಿಂದಲೇ ಕೇಳಿ. ಕೊಡಲು ಹಿಂಜರಿದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ವಕೀಲರಿಗೆ ಕೊಡಲು ದುಡ್ಡಿಲ್ಲದ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಗೆ ಉಚಿತ ಕಾನೂನು ನೆರವು ಕೊಡಲು ಆದಾಯದ ಮಿತಿ ನೋಡುವುದಿಲ್ಲ. ಸಹಾಯವಾಣಿ 15100.

ಸೋಡಚೀಟಿ ಬೇರೆ, ಡಿಕ್ರಿ ಬೇರೆ

ನಮ್ಮ ಭಾಗದಲ್ಲಿ ಹಿರಿಯರ ಮುಂದೆ ಬಾಂಡ್ ಪೇಪರಿನ ಮೇಲೆ ಸೋಡಚೀಟಿ (ಗಂಡಹೆಂಡತಿ ಬೇರೆಯಾದೆವೆಂಬ ಒಪ್ಪಂದ) ಬರೆದುಕೊಂಡು ನೋಟರಿ ಮಾಡಿಸಿರುವವರು ಇದ್ದಾರೆ. ಅದರ ದಾಖಲೆ ಯಾವ ಕೋರ್ಟಿನಲ್ಲೂ ಇರುವುದಿಲ್ಲ, ಎಷ್ಟು ಹುಡುಕಿದರೂ ಸಿಗದು. ನೋಂದಣಿಯಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಸಿಗುತ್ತದೆ. ರೂಢಿಯ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29(2) ಉಳಿಸಿಕೊಂಡಿದೆ ನಿಜ. ಆದರೆ ಆ ಸಮಾಜದಲ್ಲಿ ಅಂಥ ರೂಢಿ ಇದೆ ಎಂಬುದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತದೆ. ಸೋಡಚೀಟಿಯೊಂದನ್ನೇ ನಂಬಿ ಎರಡನೇ ಮದುವೆಗೆ ಹೋಗಬೇಡಿ, ಮೊದಲು ವಕೀಲರಿಗೆ ತೋರಿಸಿ.

ಮೇಲ್ಮನವಿ ಮತ್ತು ಏಕಪಕ್ಷೀಯ ಡಿಕ್ರಿ

ಡಿಕ್ರಿ ಕೈಗೆ ಬಂದ ದಿನವೇ ಮರುಮದುವೆಗೆ ದಾರಿ ತೆರೆಯಿತು ಎನ್ನಲಾಗದು. ಹಿಂದೂ ವಿವಾಹ ಕಾಯ್ದೆಯ 15ನೇ ಕಲಮಿನ ಪ್ರಕಾರ ಮೇಲ್ಮನವಿಯ ಅವಧಿ ಮುಗಿದಿರಬೇಕು, ಇಲ್ಲವೇ ಮೇಲ್ಮನವಿ ಇತ್ಯರ್ಥವಾಗಿರಬೇಕು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 30 ದಿನ ಎನ್ನುತ್ತದೆ, ಹಿಂದೂ ವಿವಾಹ ಕಾಯ್ದೆ 90 ದಿನ ಎನ್ನುತ್ತದೆ. 90 ದಿನ ಕಾಯುವುದೇ ಕ್ಷೇಮ. ಕೌಟುಂಬಿಕ ನ್ಯಾಯಾಲಯ ಇಬ್ಬರ ಒಪ್ಪಿಗೆಯಿಂದ ಕೊಟ್ಟ ಡಿಕ್ರಿಗೆ ಮೇಲ್ಮನವಿ ಇಲ್ಲ. ನಮ್ಮ ಮೂರೂ ಜಿಲ್ಲೆಗಳ ಮೇಲ್ಮನವಿ ಹೋಗುವುದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ, ಎಂ.ಎಫ್.ಎ. (ಮಿಸಲೇನಿಯಸ್ ಫಸ್ಟ್ ಅಪೀಲ್) ಸಂಖ್ಯೆಯಲ್ಲಿ. ಹೈಕೋರ್ಟಿನ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ. ಕೆಳಗಿನ ಕೋರ್ಟಿನಲ್ಲಿ "ಫೈಲು ಇಲ್ಲ" ಅಂದರೆ ಅದು ಮೇಲ್ಮನವಿಯ ಜೊತೆ ಹೈಕೋರ್ಟಿಗೆ ಹೋಗಿರಬಹುದು.

ಹುಡುಕುವಾಗ ನಿಮಗೆ ಗೊತ್ತೇ ಇಲ್ಲದ ಡಿಕ್ರಿಯೊಂದು ನಿಮ್ಮ ಹೆಸರಿನಲ್ಲಿ ಕಂಡರೆ ಒಂದು ದಿನವೂ ತಡ ಮಾಡಬೇಡಿ. ತವರಿಗೆ ಬಂದ ಹೆಣ್ಣುಮಗಳಿಗೆ ಸಮನ್ಸ್ ಮುಟ್ಟದೆ, ಹಳೆಯ ವಿಳಾಸಕ್ಕೇ ಹೋಗಿ, ಏಕಪಕ್ಷೀಯವಾಗಿ ವಿಚ್ಛೇದನ ಆಗಿಬಿಟ್ಟಿರಬಹುದು. ಅದನ್ನು ರದ್ದು ಮಾಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರ ಅಡಿ ಅರ್ಜಿಗೆ ಅವಕಾಶವಿದೆ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ವಿಷಯ ತಿಳಿದ ದಿನದಿಂದ 30 ದಿನ. ನಕಲಿನ ಅರ್ಜಿ ಅಂದೇ ಹಾಕಿ, ಅಂದೇ ವಕೀಲರನ್ನು ಕಾಣಿ.

ನಕಲು ಕೈಗೆ ಬಂದಾಗ

ಕೌಂಟರಿನಲ್ಲೇ ನಿಂತು ಓದಿ. ಎಲ್ಲ ಪುಟಗಳೂ ಇವೆಯೇ, ಕೊನೆಯಲ್ಲಿ "ನಿಜ ಪ್ರತಿ" ಎಂಬ ಬರಹ, ಅಧಿಕಾರಿಯ ಸಹಿ, ಹೆಸರು, ಹುದ್ದೆ, ತಾರೀಖು, ಮೊಹರು ಇವೆಯೇ ನೋಡಿ. ಅರ್ಜಿ ಹಾಕಿದ, ನಕಲು ಸಿದ್ಧವಾದ, ಕೊಟ್ಟ ತಾರೀಖುಗಳು ಬರೆದಿರಬೇಕು. ಮೇಲ್ಮನವಿಯ ಅವಧಿ ಲೆಕ್ಕ ಹಾಕುವಾಗ ನಕಲಿಗೆ ಹಿಡಿದ ದಿನಗಳನ್ನು ಕಳೆಯುವುದು ಅವುಗಳಿಂದಲೇ.

ಹೆಸರನ್ನು ಆಧಾರ್ ಜೊತೆ ಅಕ್ಷರಕ್ಕಕ್ಷರ ಹೋಲಿಸಿ. ತೀರ್ಪಿನಲ್ಲಿ ಸರಿಯಿದ್ದು ಡಿಕ್ರಿಯಲ್ಲಿ ಮಾತ್ರ ತಪ್ಪಿದ್ದರೆ, ಇಲ್ಲವೇ ಮದುವೆಯ ತಾರೀಖು ಅದಲುಬದಲಾಗಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮಿನಡಿ ಅದೇ ನ್ಯಾಯಾಲಯಕ್ಕೆ ತಿದ್ದುಪಡಿ ಅರ್ಜಿ ಹಾಕಿ. ಬರಹದ ತಪ್ಪಾದರೆ ಇದಕ್ಕೆ ಕಾಲಮಿತಿ ಇಲ್ಲ. ಪೆನ್ನಿನಿಂದ ನೀವೇ ತಿದ್ದಿದರೆ ಆ ನಕಲು ಯಾವ ಕೆಲಸಕ್ಕೂ ಬಾರದು. ಮದುವೆ ಫೋಟೊ, ಲಗ್ನಪತ್ರಿಕೆಯಂಥ ಮೂಲ ಕಾಗದಗಳನ್ನು ಸಾಕ್ಷಿಗೆಂದು ಕೊಟ್ಟಿದ್ದರೆ, ಮೇಲ್ಮನವಿಯ ಅವಧಿ ಮುಗಿದ ಮೇಲೆ ಅವುಗಳನ್ನು ವಾಪಸ್ ಕೇಳಿ ಬೇರೆ ಅರ್ಜಿ ಹಾಕಿ.