ಸೋಡಾಬುಡ್ಡಿ ಮನೆ, ಚೀಟಿ ಹಿಂದಿನ ವಂಶವೃಕ್ಷ

ತೀರ್ಥಹಳ್ಳಿ ಕಡೆ ಕಣ್ಣು ಟೆಸ್ಟ್ ಮಾಡ್ತಾ 12 ವರ್ಷ ಆಯ್ತು, ಮಕ್ಕಳಿಗೆ ಮೈನಸ್ ಪವರ್ (ದೂರದ್ದು ಮಸುಕು ಕಾಣೋ ಮಯೋಪಿಯಾ) ಬಂದ್ರೆ ಎಲ್ರ ಥರ ನಾನೂ ಮೊಬೈಲ್‌ಗೇ ಬೈತಿದ್ದೆ. ಹೋದ ಮಳೆಗಾಲ 9 ವರ್ಷದ ಹುಡುಗ ಬಂದ, ಎರಡೂ ಕಣ್ಣು ಮೈನಸ್ 7.5, ರೂಢಿ ಪ್ರಕಾರ ಫೋನ್ ಕಸ್ಕೊಳ್ಳಿ ಅಂತ ಅವನ ಅಪ್ಪಂಗೆ ಕ್ಲಾಸ್ ತಗೊಂಡೆ, ಅವರು ಸುಮ್ನೆ ಕನ್ನಡಕ ತೆಗ್ದು ಒರೆಸ್ತಿದ್ರು, ನೋಡಿದ್ರೆ ಅಂಚು ಕಿರುಬೆರಳು ದಪ್ಪ! ಕನ್ನಡಕದ ಪವರ್ ಅಳೆಯೋ ಲೆನ್ಸೋಮೀಟರ್‌ಗಿಟ್ಟೆ, ಮೈನಸ್ 10.

"ನಿಮ್ಮನೇಲಿ ಮಯೋಪಿಯಾ ಯಾರಿಗಿದೆ" ಅಂದ್ರೆ ಯಾರಿಗೂ ಇಲ್ಲ ಅಂತಾರೆ. "ಸೋಡಾಬುಡ್ಡಿ ಯಾರಿಗೆ, ದಣಪೆ ಹತ್ರ ಬಂದೋರ ಗುರುತು ಯಾರಿಗೆ ಸಿಗಲ್ಲ" ಅಂತ ಕೇಳ್ಬೇಕು. ಆಗ ಅಜ್ಜಿ ಹೆಸರು ಬಂತು. ಶಾಲೆ ಮೆಟ್ಲು ಹತ್ತಿದೋರಲ್ಲ, ಓದಿಲ್ಲ, ಮೊಬೈಲ್ ಇಲ್ಲ, ಆಯಸ್ಸೆಲ್ಲ ತೋಟ ಕೊಟ್ಟಿಗೆ. ಮೈನಸ್ 11. ವಯಸ್ಸಾದೋರಿಗೆ ಪೊರೆ ಬಂದ್ರೂ ಮೈನಸ್ ಏರುತ್ತೆ, ಹಂಗಾಗಿ ನಂಬ್ಲಿಲ್ಲ, ಕಣ್ಣುಗುಡ್ಡೆ ಮುಂದಿಂದ ಹಿಂದಕ್ಕೆ ಎಷ್ಟು ಉದ್ದ ಅಂತ ಅಳೆಯೋ ಎ-ಸ್ಕ್ಯಾನ್ ಮಾಡಿಸ್ದೆ, 27.6 ಮಿಲಿಮೀಟರ್. ಸಾಮಾನ್ಯ 23-24 ಇರುತ್ತೆ, ಪೊರೆಯಿಂದ ಕಣ್ಣು ಉದ್ದ ಆಗಲ್ಲ. "ಅಕ್ಕಿ ಆರಿಸೋವಾಗ ಮೊರ ಮೂಗಿಗೇ ತಾಗ್ತಿತ್ತು, ನಮ್ಮತ್ತೆ ಬೈತಿದ್ರು" ಅಂದ್ರು ಅಜ್ಜಿ. ಲೆಕ್ಕ ಸರಿಯಾಗೇ ಇದೆ, ಮೈನಸ್ 11ಕ್ಕೆ ಬರಿಗಣ್ಣಲ್ಲಿ 9 ಸೆಂಟಿಮೀಟರ್ ದಾಟಿದ್ರೆ ಮಸುಕು.

ಪ್ರಿಸ್ಕ್ರಿಪ್ಷನ್ ಚೀಟಿ ಹಿಂದೆ ವಂಶವೃಕ್ಷ ಬರ್ದೆ, ಗಂಡಸ್ರಿಗೆ ಚೌಕ, ಹೆಂಗಸ್ರಿಗೆ ಸೊನ್ನೆ, ಪವರ್ ಇದ್ದೋರಿಗೆ ಪೆನ್ನಲ್ಲಿ ಕಪ್ಪು ತುಂಬಿಸ್ದೆ. ಅಜ್ಜಿ, ಮಗ, ಮೊಮ್ಮಗ, ಒಂದು ತಲೆಮಾರೂ ಬಿಟ್ಟಿಲ್ಲ. ಅಜ್ಜಿ ಮಗಳ ಕಣ್ಣು ಚೆನ್ನಾಗಿದೆ, ಅವರ ಮಕ್ಕಳದ್ದೂ. ಕೆಟ್ಟ ಜೀನ್ ಅಪ್ಪ ಅಮ್ಮ ಇಬ್ರಲ್ಲಿ ಒಬ್ರಿಂದ ಬಂದ್ರೂ ಸಾಕು, ಪ್ರತಿ ಮಗೂಗೂ ಅರ್ಧಕ್ಕರ್ಧ ಚಾನ್ಸ್, ಆ ನಮೂನೆ.

ಇಂಥದ್ದೇ ಒಂದು ಚೀನಾದ ಹಾನ್ ಕುಟುಂಬದಲ್ಲಿ ಎಕ್ಸೋಮ್ ಸೀಕ್ವೆನ್ಸಿಂಗ್ (ಡಿಎನ್‌ಎಯಲ್ಲಿ ಪ್ರೋಟೀನ್ ಮಾಡೋ ಭಾಗ ಮಾತ್ರ ಓದೋದು) ಮಾಡಿ 2011ರಲ್ಲಿ ಝಡ್‌ಎನ್‌ಎಫ್ 644 ಅನ್ನೋ ಜೀನ್ ಪತ್ತೆ ಹಚ್ಚಿದ್ರು, 1ನೇ ಕ್ರೋಮೋಸೋಮ್‌ದು. ಅದ್ರಿಂದ ಆಗೋದು ಝಿಂಕ್ ಫಿಂಗರ್ ಪ್ರೋಟೀನ್, ಅಂದ್ರೆ ಸತುವನ್ನ ಹಿಡ್ಕೊಂಡು ಬೆರಳಿನ ಥರ ಮಡಚ್ಕೊಂಡು, ಡಿಎನ್‌ಎಗೆ ಅಂಟಿ ಬೇರೆ ಜೀನ್‌ಗಳ ಸ್ವಿಚ್ ಒತ್ತೋ ಜಾತಿ. ಕಣ್ಣಿನ ಹಿಂದಿನ ಪರದೆ, ಅಂದ್ರೆ ರೆಟಿನಾದಲ್ಲೂ ಇರುತ್ತೆ. (ಹಂಗಾದ್ರೆ ಝಿಂಕ್ ಮಾತ್ರೆ ಕೊಡಿ ಅಂದ್ರು ಅಪ್ಪ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮಾರಾಯ್ರೆ ಅಂದೆ.) ಈ ಮನೇಲೂ ಅದೇ ಜೀನ್ ಅಂತ ಹೇಳಲ್ಲ, ಹೈ ಮಯೋಪಿಯಾಕ್ಕೆ ಸುಮಾರು ಜೀನ್‌ಗಳಿವೆ, ಜೆನೆಟಿಕ್ ಟೆಸ್ಟ್ ಅವರಿಗೆ ಬೇಡ ಅನ್ನಿಸ್ತು.

ಆದ್ರೆ ಕಣ್ಣು ಇಷ್ಟು ಉದ್ದ ಆದ್ರೆ ರೆಟಿನಾ ಎಳೆದಂಗಾಗಿ ಹರಿಯೋ ಭಯ ಇರುತ್ತೆ, ಹಂಗಾಗಿ ಚೀಟಿ ನೋಡಿ ಮೂವರನ್ನೂ ರೆಟಿನಾ ಡಾಕ್ಟ್ರ ಹತ್ರ ಕಳಿಸ್ದೆ, ಅಪ್ಪನ ಬಲಗಣ್ಣಲ್ಲಿ ರೆಟಿನಾ ಅಂಚಿಗೆ ತೂತು ಬಿದ್ದಿತ್ತು, ಲೇಸರ್ ಹಾಕಿದ್ರು. ಕಣ್ಣಲ್ಲಿ ಮಿಂಚು ಹೊಡ್ದಂಗೆ ಆಗ್ತಿರ್ಲಿಲ್ವಾ ಅಂದ್ರೆ "ಆಗ್ತಿತ್ತು, ಮಳೆಗಾಲ ಅಲ್ವಾ, ಮಿಂಚೇ ಅನ್ಕೊಂಡೆ" ಅಂತಾರೆ! ಹುಡುಗಂಗೆ ಮೈನಸ್ ಏರೋದು ನಿಧಾನ ಆಗ್ಲಿ ಅಂತ ಡಾಕ್ಟ್ರು 0.01% ಅಟ್ರೋಪಿನ್ ಡ್ರಾಪ್ಸ್ ಬರ್ಕೊಟ್ರು, ದಿನಾ ಬಯಲಲ್ಲಿ ಆಡ್ಸಿ ಅಂದ್ರು, ನಮ್ಮ ಕಡೆ ಜುಲೈ ಮಳೇಲಿ ಬಯಲು ಎಲ್ಲಿಂದ ತರೋದೋ.

ಅವನ ತಂಗಿಗೆ 4 ವರ್ಷ, ಅಕ್ಷರ ಇನ್ನೂ ಬರಲ್ಲ, ಪಾಪೆ ಅಗಲಿಸೋ ಡ್ರಾಪ್ಸ್ ಹಾಕಿ, ಕಣ್ಣೊಳಗೆ ಬೆಳಕು ಬಿಟ್ಟು ಪವರ್ ನೋಡೋ ರೆಟಿನೋಸ್ಕೋಪ್ ಹಿಡ್ದೇ ನೋಡ್ಬೇಕು. ಸಂತೆ ದಿನ ಕರ್ಕೊಂಡು ಬರ್ತಾರಂತೆ. ಚೀಟೀಲಿ ಅವಳ ಸೊನ್ನೆ ಹಂಗೇ ಖಾಲಿ ಬಿಟ್ಟಿದೀನಿ.