ಮಾಡಿಗಿಂತ ಮೊದಲು ಬೇಲಿ

2021ರ ಮೇ 15ರಂದು ತೌಕ್ತೆ ಚಂಡಮಾರುತ ನಮ್ಮ ಉಡುಪಿ ಕಡೆಯ ಕರಾವಳಿಯನ್ನು ಅಲುಗಾಡಿಸಿತು. ಮರುದಿನ ಬೆಳಿಗ್ಗೆ ಬೀದಿನಾಯಿಗಳನ್ನು ಸಾಕುವ ಆಶ್ರಯದಿಂದ ಫೋನ್ ಬಂತು. ಅದನ್ನು ನಡೆಸುವ ಅಕ್ಕ, "ಅಣ್ಣಾ, ಮಾಡು ಹಾರಿಹೋಗಿದೆ, ಒಮ್ಮೆ ಬನ್ನಿ" ಎಂದರು.

ನಾನು ವೆಲ್ಡಿಂಗ್ ಕೆಲಸದವನು. ಛಾವಣಿಯ ಶೀಟಿನ ಅಳತೆಯನ್ನೇ ಲೆಕ್ಕ ಹಾಕುತ್ತಾ ಹೋದೆ. ಅಲ್ಲಿ ನೋಡಿದರೆ ತೆಂಗಿನಮರ ಬಿದ್ದು ಹಿಂಬದಿಯ ಗೋಡೆ ಕುಸಿದಿತ್ತು. ಅರುವತ್ತು ಚಿಲ್ಲರೆ ನಾಯಿಗಳಲ್ಲಿ ಏಳು ಕಾಣೆಯಾಗಿದ್ದವು. ಮೆಸ್ಕಾಂನವರು ಬಂದು ತುಂಡಾದ ತಂತಿಯ ಕರೆಂಟು ತೆಗೆದ ಮೇಲೆ ಒಳಗೆ ಕಾಲಿಟ್ಟೆವು. ಆ ದಿನವೆಲ್ಲ ಮಾಡಿನ ಮಾತೇ ಎತ್ತಲಿಲ್ಲ. ಗೋಡೆ ಬಿದ್ದ ಜಾಗಕ್ಕೆ ನನ್ನ ಶೆಡ್ಡಿನಲ್ಲಿದ್ದ ಹಳೆಯ ಗೇಟನ್ನು ಅಡ್ಡ ನಿಲ್ಲಿಸಿ, ಸಂದುಗಳಿಗೆ ಜಾಲರಿ ಬಿಗಿದೆವು.

ಹಾರಿದ ಮಾಡಿನ ಸ್ಕ್ರೂ, ಮೊಳೆಗಳೆಲ್ಲ ಕೆಸರಿನಲ್ಲಿ ಹೂತಿದ್ದವು. ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಅಂಗಳವಿಡೀ ಎಳೆದೆ. ಪ್ರತಿ ಸಲ ಅದು ಮುಳ್ಳುಹಂದಿಯ ಹಾಗೆ ಮೈತುಂಬ ಮೊಳೆ ಮೆತ್ತಿಕೊಂಡು ಬರುತ್ತಿತ್ತು. ಸಂಜೆಯೊಳಗೆ ಪೇಂಟಿನ ಡಬ್ಬಿ ಅರ್ಧ ತುಂಬಿತು. ಅವುಗಳಲ್ಲಿ ಒಂದೊಂದೂ ಯಾವುದೋ ನಾಯಿಯ ಕಾಲಿಗೆ ಹೊಕ್ಕಬೇಕಾದದ್ದು.

ನೆಲ ಒಣಗಿಸುವುದು ಇನ್ನೂ ಕಷ್ಟವಾಯಿತು. ಒದ್ದೆಯಲ್ಲೇ ನಿಂತರೆ ಬೆರಳುಗಳ ಸಂದು ಹುಣ್ಣಾಗುತ್ತದೆ, ಹುಣ್ಣಿನ ಮೇಲೆ ನೊಣ ಕುಳಿತರೆ ಹುಳ ಬೀಳುತ್ತದೆ. ಇಟ್ಟಿಗೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಗೋಣಿಚೀಲ ಹಾಕಿದೆವು. ಜನ ಪ್ರೀತಿಯಿಂದ ಬಿಸ್ಕತ್ತು ತಂದುಕೊಟ್ಟರು. ನಮಗೆ ಬೇಕಾಗಿದ್ದದ್ದು ಗೋಣಿ ಮತ್ತು ಬ್ಲೀಚಿಂಗ್ ಪೌಡರ್. ಸಹಾಯ ಮಾಡುವವರು ಹೊರಡುವ ಮೊದಲು ಒಂದು ಫೋನ್ ಮಾಡಿ ಕೇಳಬೇಕು.

ನೆನೆದ ಮೂರು ಚೀಲ ಅಕ್ಕಿ ಮುಗ್ಗಲು ಹಿಡಿದಿತ್ತು. ಲಾಕ್‌ಡೌನ್ ಬೇರೆ, ದಿನಸಿ ಅಂಗಡಿ ಬೆಳಿಗ್ಗೆ ಹತ್ತರವರೆಗೆ ಮಾತ್ರ. ಅಕ್ಕನಿಗೆ ಎಸೆಯಲು ಮನಸ್ಸಿರಲಿಲ್ಲ. ಬೂಷ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ ಎಂದು ಪಶುವೈದ್ಯರು ಹೇಳಿದ ಮೇಲೆ ಅವರೇ ಗುಂಡಿ ತೋಡಿಸಿ ಹೂಳಿಸಿದರು.

ಇನ್ನು ಮಾಡು. ಪಡುವಣ ಬದಿಯಲ್ಲಿ ಶೀಟು ಮೂರು ಅಡಿ ಹೊರಚಾಚಿತ್ತು. ಗಾಳಿ ಅಡಿಯಿಂದ ಹೊಕ್ಕು ಎತ್ತಿತ್ತು. ಉಪ್ಪುಗಾಳಿಗೆ ಸ್ಕ್ರೂಗಳು ಸವೆದಿದ್ದವು, ಪೈಪುಗಳು ಗೋಡೆಯ ಮೇಲೆ ಸಿಮೆಂಟಿನಲ್ಲಿ ಸುಮ್ಮನೆ ಕುಳಿತಿದ್ದವು. ಈ ಸಲ ಚಾಚನ್ನು ಒಂದು ಅಡಿಗೆ ಇಳಿಸಿದೆ, ಅಂಚಿನಲ್ಲಿ ಸ್ಕ್ರೂಗಳನ್ನು ಒತ್ತೊತ್ತಾಗಿ ಹೊಡೆದೆ, ಪೈಪುಗಳನ್ನು ಕಂಬಕ್ಕೇ ಬೋಲ್ಟು ಹಾಕಿ ಬಿಗಿದೆ. ಉಳಿದಿದ್ದ ಕಲ್ನಾರಿನ ಶೀಟುಗಳನ್ನು ನೀರು ಹಾಕಿ ನೆನೆಸಿಯೇ ಇಳಿಸಿದೆವು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿಮಳೆಗೆ ಬೆದರಿದ್ದ ನಾಯಿಗಳು ಸುತ್ತಿಗೆಯ ಒಂದು ಪೆಟ್ಟಿಗೂ ಮೂಲೆ ಹಿಡಿದು ನಡುಗುತ್ತಿದ್ದವು. ಹಾಗಾಗಿ ಕತ್ತರಿಸುವುದು, ಬೆಸೆಯುವುದೆಲ್ಲ ನನ್ನ ಶೆಡ್ಡಿನಲ್ಲೇ ಮುಗಿಸಿ, ಅಲ್ಲಿ ಜೋಡಣೆ ಮಾತ್ರ ಮಾಡಿದೆ. ಎರಡು ದಿನ ಹೆಚ್ಚು ಹಿಡಿಯಿತು, ಹಿಡಿಯಲಿ.

ದಿನಾ ಸಂಜೆ ಆರಕ್ಕೆ ಅಕ್ಕ ಅಲ್ಯೂಮಿನಿಯಂ ಪಾತ್ರೆಗೆ ಸೌಟು ಬಡಿಯುತ್ತಿದ್ದರು, ಅದು ಊಟದ ಕರೆ. ಆ ಸದ್ದಿಗೆ ಮೂರು ದಿನಗಳಲ್ಲಿ ಆರು ನಾಯಿಗಳು ಮರಳಿದವು. ಎಂಟನೆಯ ಸಂಜೆ ಹಿಂಬದಿಯಲ್ಲಿ ಕುಂಯ್‌ಗುಟ್ಟುವುದು ಕೇಳಿ ಹೋದೆ. ಕುಂಟುವ ಕಂದು ಮುದಿನಾಯಿ ತಾನು ಓಡಿಹೋದ ದಾರಿಯಲ್ಲೇ ಬಂದು, ನಾನು ಅಡ್ಡವಿಟ್ಟ ಗೇಟಿಗೆ ಮೂಗು ಒತ್ತಿ ನಿಂತಿತ್ತು. ತಂತಿ ಬಿಚ್ಚಿ ಗೇಟು ಸರಿಸಿದೆ.