ಜಾಡಿಯ ನೀರು ಹೇಳಿದ ಹೆಸರು

ಮೂರು ವರ್ಷ ಎಡಗೈಯಲ್ಲಿ ತೊಟ್ಟು ತಿರುಗಿದ ಹಸಿರು ಬಳೆ ಜೇಡ್ ಎಂಬ ರತ್ನದ ಕಲ್ಲಿನದಲ್ಲವೆಂದು ನನಗೆ ತಿಳಿಸಿದ್ದು ಅಡುಗೆಮನೆಯ ತಕ್ಕಡಿ. ಕೊಂಡಾಗ ಜೊತೆಗೆ ಬಂದ ಕಾರ್ಡಿನಲ್ಲಿ ‘ಮಲೇಷ್ಯಾ ಜೇಡ್’ ಎಂದೇ ಅಚ್ಚಾಗಿತ್ತು. ಜೇಡ್ ಎಂಬ ಪದ ಕಣ್ಣಿಗೆ ಬಿದ್ದ ಮೇಲೆ ಅದರ ಹಿಂದಿರುವ ದೇಶದ ಗೊಡವೆ ಯಾರಿಗೆ ಬೇಕಿತ್ತು? ಈ ವ್ಯಾಪಾರದ ಮಾತಿನಲ್ಲಿ ಮಲೇಷ್ಯಾ ಜೇಡ್ ಎಂದರೆ ಬಣ್ಣ ಹಾಕಿದ ಕ್ವಾರ್ಟ್‌ಜೈಟ್, ಅಂದರೆ ಕ್ವಾರ್ಟ್ಜ್ ಹರಳುಗಳು ಕೂಡಿಕೊಂಡ ಬಂಡೆ, ಎಂದು ಆಮೇಲೆ ಗೊತ್ತಾಯಿತು. ಇಂಡಿಯನ್ ಜೇಡ್ ಎಂದರೆ ಅವೆಂಚುರಿನ್, ಟ್ರಾನ್ಸ್‌ವಾಲ್ ಜೇಡ್ ಎಂದರೆ ಗಾರ್ನೆಟ್ ಜಾತಿಯ ಕಲ್ಲು, ಆಸ್ಟ್ರೇಲಿಯನ್ ಜೇಡ್ ಎಂದರೆ ಬಹುಮಟ್ಟಿಗೆ ಕ್ರಿಸೊಪ್ರೇಸ್. ಹಾಗೆಂದು ದೇಶದ ಹೆಸರು ಕಂಡೊಡನೆ ತಳ್ಳಿಹಾಕುವಂತೆಯೂ ಇಲ್ಲ. ಬರ್ಮಾ ಮತ್ತು ಗ್ವಾಟೆಮಾಲಗಳಲ್ಲಿ ಅಸಲಿ ಜೇಡ್ ಸಿಗುತ್ತದೆ. ಅಂತೂ ನನ್ನ ಮೂರು ವರ್ಷದ ಪ್ರೀತಿ ಒಂದು ವಿಶೇಷಣವನ್ನು ಓದದೆ ಬಿಟ್ಟದ್ದರ ಫಲ.

ತೂಗುವ ಕ್ರಮ ಸರಳ, ಅವಸರ ಮಾತ್ರ ಕೂಡದು. ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಮೊದಲು ಬಳೆಯನ್ನು ಹಾಗೆಯೇ ತೂಗಿ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ನೀರು ತುಂಬಿ, ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತರುತ್ತೇನೆ. ಹೊಲಿಗೆ ದಾರದಲ್ಲಿ ಬಳೆಯನ್ನು ಕಟ್ಟಿ ನೀರಿಗೆ ಇಳಿಬಿಡಬೇಕು. ಪೂರ್ತಿ ಮುಳುಗಬೇಕು, ತಳಕ್ಕೂ ಗೋಡೆಗೂ ತಾಗಬಾರದು. ಕೈ ನಡುಗದಿರಲೆಂದು ನಾನು ದಾರವನ್ನು ಮರದ ಸೌಟಿಗೆ ಸುತ್ತಿ, ಆ ಸೌಟನ್ನು ಎರಡು ಡಬ್ಬಿಗಳ ಮೇಲೆ ಅಡ್ಡಲಾಗಿ ಇಡುತ್ತೇನೆ. ಕಲ್ಲಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ತಪ್ಪುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಗುಳ್ಳೆ ನಿಲ್ಲುವುದಿಲ್ಲ. ಈಗ ತಕ್ಕಡಿ ತೋರಿಸುವುದು ಬಳೆಯ ತೂಕವಲ್ಲ, ಬಳೆ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲಿನ ಅಂಕಿಯನ್ನು ಇದರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ, ಅಂದರೆ ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿ, ಸಿಕ್ಕಿತು.

ನನ್ನ ಬಳೆ 46.8 ಗ್ರಾಂ, ನೀರಿನ ಅಂಕಿ 17.7. ಭಾಗಿಸಿದಾಗ 2.64. ಕ್ವಾರ್ಟ್ಜ್‌ನದು 2.65. ಎರಡು ಸಲ, ಮೂರು ಸಲ ತೂಗಿದೆ, ನೀರು ಬದಲಿಸಿದೆ, ದಾರ ಬದಲಿಸಿದೆ. ಅಂಕಿ ಕದಲಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ನೋಡಿದರೆ ಹಸಿರು ಬಣ್ಣ ಕಲ್ಲಿನ ಹರಳುಗಳ ಒಳಗಿರಲಿಲ್ಲ. ಹರಳು ಹರಳಿನ ನಡುವಿನ ಸಂದಿಗಳಲ್ಲಿ, ಬಿರಿದ ಕೆರೆಯಂಗಳದ ಗೆರೆಗಳ ಹಾಗೆ, ಬಲೆಬಲೆಯಾಗಿ ನಿಂತಿತ್ತು. ಒಮ್ಮೆ ಕಂಡ ಮೇಲೆ ಅದು ಬರಿಗಣ್ಣಿಗೂ ಕಾಣತೊಡಗಿತು. ಮೂರು ವರ್ಷ ಹೇಗೆ ಕಾಣಲಿಲ್ಲವೋ ದೇವರೇ ಬಲ್ಲ.

ಜೇಡ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಖನಿಜಗಳಿವೆ. ಫ್ರೆಂಚ್ ಖನಿಜತಜ್ಞ ಅಲೆಕ್ಸಿ ಡಮೂರ್ 1863ರಲ್ಲಿ ಅವುಗಳನ್ನು ಬೇರ್ಪಡಿಸಿ ತೋರಿಸಿದ. ಒಂದು ಜೇಡೈಟ್, ಸಾಂದ್ರತೆ 3.33ರ ಆಸುಪಾಸು. ಇನ್ನೊಂದು ನೆಫ್ರೈಟ್, 2.95ರ ಆಸುಪಾಸು. ಜಾಡಿಯಲ್ಲಿ ಇವೆರಡರ ನಡುವಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಹೊಸ ಜೇಡ್ ಎಂಬ ಹೆಸರಿನಲ್ಲಿ ಬರುವ ಸರ್ಪೆಂಟೈನ್ ಎಂಬ ಬೇರೆಯೇ ಕಲ್ಲು ಬಹುಮಟ್ಟಿಗೆ 2.6ರ ಆಸುಪಾಸಿನಲ್ಲಿ ಉಳಿಯುತ್ತದೆ. ಗಾಜು ಮಾತ್ರ ಮಹಾ ಕಪಟಿ, ಏನು ಬೆರೆಸಿ ಕಾಯಿಸಿದರೆಂಬುದರ ಮೇಲೆ ಎಲ್ಲಿ ಬೇಕಾದರೂ ಬಂದು ಕೂರಬಲ್ಲದು. ಅದಕ್ಕೆ ಲೂಪ್ ಬೇಕು. ಒಳಗೆ ಗುಂಡಗಿನ ಗುಳ್ಳೆ ಕಂಡರೆ ಮಾತು ಮುಗಿಯಿತು. ಒಂದು ಎಚ್ಚರಿಕೆ: ಮುತ್ತು, ಓಪಲ್, ಟರ್ಕಾಯ್ಸ್‌ನಂಥ ನೀರು ಕುಡಿಯುವ ವಸ್ತುಗಳನ್ನು ಈ ಜಾಡಿಗೆ ಇಳಿಸಬೇಡಿ.

ಗಡಸುತನ ಮತ್ತು ಕೆಚ್ಚು ಬೇರೆ ಬೇರೆ ಎಂದು ನನಗೆ ಕಲಿಸಿದ್ದೂ ಈ ಎರಡು ಕಲ್ಲುಗಳೇ. ಗೀರು ತಡೆಯುವ ಗಡಸುತನವನ್ನು 1ರಿಂದ 10ರವರೆಗೆ ಗುರುತಿಸುವ ಮೋಸ್ ಮಾನಕದಲ್ಲಿ ನೆಫ್ರೈಟ್ 6ರಿಂದ 6.5, ಜೇಡೈಟ್ 6.5ರಿಂದ 7. ಅಂದರೆ ಕ್ವಾರ್ಟ್ಜ್ ಎರಡನ್ನೂ ಗೀರಬಲ್ಲದು. ಆದರೆ ಬಿದ್ದಾಗ, ತಾಗಿದಾಗ ತಡೆದುಕೊಳ್ಳುವುದು ಕೆಚ್ಚಿನ ಕೆಲಸ, ಅದರಲ್ಲಿ ನೆಫ್ರೈಟ್‌ಗೆ ಸಾಟಿಯಾಗುವ ರತ್ನ ಇಲ್ಲವೆಂದೇ ಹೇಳಬಹುದು. ಅದರ ಒಳಗೆ ಕೂದಲಿಗಿಂತ ಸಣ್ಣ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಬಿರುಕು ಹರಿದು ಹೋಗಲು ನೇರ ದಾರಿ ಸಿಗುವುದಿಲ್ಲ. ನ್ಯೂಜಿಲೆಂಡಿನ ಮಾವೋರಿಗಳು ಇದರಿಂದ ಬಾಚಿಗಳನ್ನೇ ಮಾಡುತ್ತಿದ್ದರು. ನನ್ನ ಪಾಲಕ್ ಬಣ್ಣದ ನೆಫ್ರೈಟ್ ಬಳೆ ಎರಡು ಸಲ ಕಲ್ಲುಹಾಸಿನ ಮೇಲೆ ಬಿದ್ದಿದೆ, ಇನ್ನೂ ಇಡಿಯಾಗಿದೆ.

ನೀರು ಎಲ್ಲವನ್ನೂ ಹೇಳುವುದಿಲ್ಲ, ಇದನ್ನು ಎರಡನೆಯ ಬಳೆಯಿಂದ ಕಲಿತೆ. ಅದರ ಲೆಕ್ಕ ಜೇಡೈಟ್‌ನದೇ ಆಗಿತ್ತು, ನಾನು ಬೀಗಿದ್ದೆ. ಬಿಳಿಯ ಮೇಲೆ ಹಸಿರು ಮೋಡ, ಒಂದು ಕಲೆಯಿಲ್ಲ. ನಾಲ್ಕನೆಯ ವರ್ಷಕ್ಕೆ ಹೊಳಪು ಮಂಕಾಯಿತು, ಬಿಳಿಯ ಭಾಗ ತುಸು ಹಳದಿಗೆ ತಿರುಗಿತು, ಓರೆಬೆಳಕಿನಲ್ಲಿ ಮೇಲ್ಮೈಯೆಲ್ಲ ಸಣ್ಣ ಸಣ್ಣ ಕೊರೆದ ಗೆರೆ. ಪ್ರಯೋಗಾಲಯಕ್ಕೆ ಕಳಿಸಿದಾಗ ಬಂದ ಉತ್ತರ: ಜೇಡೈಟ್, ಬಿ ವರ್ಗ. ಕಲ್ಲನ್ನು ಆಮ್ಲದಲ್ಲಿ ನೆನೆಸಿ ಕಂದು ಕಲೆಗಳನ್ನು ತೆಗೆದು, ಹಾಗೆ ಟೊಳ್ಳಾದ ಸಂದಿಗಳಿಗೆ ಪ್ಲಾಸ್ಟಿಕ್‌ನಂಥ ಪಾಲಿಮರ್ ತುಂಬಿದರೆ ಅದು ಬಿ. ಬಣ್ಣ ಹಾಕಿದರೆ ಸಿ. ಎರಡೂ ಮಾಡಿದರೆ ಬಿ ಮತ್ತು ಸಿ. ಕತ್ತರಿಸಿ, ಹೊಳಪು ಕೊಟ್ಟು, ಮೇಲೊಂದಿಷ್ಟು ಮೇಣ ಸವರಿದ್ದು ಮಾತ್ರ ಎ. ಎ ಎನ್ನುವುದು ಗುಣಮಟ್ಟದ ದರ್ಜೆಯಲ್ಲ ಎಂಬುದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಕುರೂಪಿ ಕಲ್ಲೂ ಎ ಆಗಿರಬಹುದು.

ಬಳೆಯನ್ನು ದಾರದಲ್ಲಿ ತೂಗುಬಿಟ್ಟು ಇನ್ನೊಂದು ಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ಎ ವರ್ಗದ್ದು ಗಂಟೆಯಂತೆ ಅನುರಣಿಸುತ್ತದೆ, ಬಿ ಮೊಂಡಾಗಿ ‘ಟಕ್’ ಎನ್ನುತ್ತದೆ ಎಂಬ ಮಾತಿದೆ. ನಾನೂ ತಟ್ಟಿ ಕೇಳುತ್ತೇನೆ, ಕೇಳಲು ಹಿತವಾಗಿರುತ್ತದೆ, ಆದರೆ ಅದನ್ನು ನಂಬಿ ಕೊಳ್ಳುವುದಿಲ್ಲ. ಎ ವರ್ಗದ ಕಲ್ಲಿಗೂ ಒಳಗೆ ಬಿರುಕಿದ್ದರೆ ಸ್ವರ ಕೆಡುತ್ತದೆ. ಪಾಲಿಮರ್ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವುದು ಪ್ರಯೋಗಾಲಯದ ಅವಕೆಂಪು ವರ್ಣಪಟಲ ಪರೀಕ್ಷೆ. ಹಾಗಾಗಿ ದುಬಾರಿ ಜೇಡೈಟ್ ಕೊಳ್ಳುವಾಗ ವರದಿ ಕೇಳುತ್ತೇನೆ, ವರದಿಯಲ್ಲಿರುವ ತೂಕ, ಅಳತೆ, ಚಿತ್ರಗಳನ್ನು ಕೈಯಲ್ಲಿರುವ ಬಳೆಯೊಂದಿಗೆ ಹೋಲಿಸುತ್ತೇನೆ. ಅಸಲಿ ವರದಿ, ಬೇರೆ ಬಳೆ ಎಂಬ ಪ್ರಸಂಗ ನನಗೇ ಒಮ್ಮೆ ಎದುರಾಗಿದೆ: ಚಿತ್ರದಲ್ಲಿದ್ದ ಕಂದು ಚುಕ್ಕೆ ಬಳೆಯಲ್ಲಿ ಎಲ್ಲಿ ಹುಡುಕಿದರೂ ಇರಲಿಲ್ಲ.

ಇನ್ನು ತೊಡುವ ಮಾತು. ಲೋಹದ ಬಳೆಯಂತೆ ಇದು ಬಾಗದು, ಬಿಚ್ಚದು. ಅಳತೆಯನ್ನು ಒಳವ್ಯಾಸದ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಮಣಿಕಟ್ಟನ್ನು ಅಳೆದು ಪ್ರಯೋಜನವಿಲ್ಲ, ಬಳೆ ದಾಟಬೇಕಾದ್ದು ಅಂಗೈಯನ್ನು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಬೆರಳಿನ ಗಿಣ್ಣುಗಳ ಸುತ್ತ, ಅತಿ ಅಗಲವಾದ ಕಡೆ ಟೇಪು ಸುತ್ತಿದರೆ ನನ್ನದು 18.4 ಸೆಂಟಿಮೀಟರ್. 3.14ರಿಂದ ಭಾಗಿಸಿದರೆ ಸುಮಾರು 58.6 ಮಿಲಿಮೀಟರ್. ಮಾಂಸ ತುಸು ಒತ್ತಿಕೊಡುವುದರಿಂದ ಇದಕ್ಕಿಂತ ಕೊಂಚ ಕಡಿಮೆಯದೂ ಹಿಡಿಯುತ್ತದೆ. ನಾನು ಮೊದಲು 60 ಕೊಂಡೆ, ಅದು ಮೊಣಕೈವರೆಗೆ ಓಡಾಡುತ್ತ ಸಿಕ್ಕಸಿಕ್ಕ ಮೇಜಿಗೆಲ್ಲ ಬಡಿಯಿತು. ಆ ಸಿಟ್ಟಿನಲ್ಲಿ 54ರದಕ್ಕೆ ಕೈ ಹಾಕಿದೆ, ಅಕ್ಷರಶಃ. ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ, ಕೈ ನೇರಳೆಯಾಗಿ, ಎಣ್ಣೆ ಸುರಿದು ಹೊರಗೆ ತೆಗೆಯುವಷ್ಟರಲ್ಲಿ ಅರ್ಧ ಗಂಟೆ. ಈಗ 56ರಲ್ಲಿ ನೆಲೆ ನಿಂತಿದ್ದೇನೆ.

ಹಾಕಿಕೊಳ್ಳಲು ತೆಳು ಪ್ಲಾಸ್ಟಿಕ್ ಚೀಲ ಎಲ್ಲಕ್ಕಿಂತ ಮೇಲು. ಕೈಗೆ ಚೀಲ ತೊಡಿಸಿ, ಮೇಲೆ ಸೋಪು ನೀರು ಸವರಿ, ಮೆತ್ತನೆಯ ಟವಲ್ ಹಾಸಿದ ಹಾಸಿಗೆಯ ಮೇಲೆ ಕುಳಿತುಕೊಳ್ಳುತ್ತೇನೆ. ಬಳೆ ಜಾರಿದರೆ ಟವಲ್ ಮೇಲೆ ಬೀಳಲಿ. ಮೊದಲು ಕಿರುಬೆರಳಿನ ಗಿಣ್ಣನ್ನು ದಾಟಿಸಿ, ಆಮೇಲೆ ಹೆಬ್ಬೆರಳಿನ ಬುಡವನ್ನು ಇನ್ನೊಂದು ಕೈಯಿಂದ ಅದುಮುತ್ತ ಒಂದೇ ಹದದಲ್ಲಿ ತಳ್ಳಬೇಕು, ತಿರುಚಬಾರದು. ಬೆಳಗಿನ ತಂಪಿನಲ್ಲಿ ಕೈ ಸಣ್ಣಗಿರುತ್ತದೆ. ಸಂಜೆ, ಸೆಕೆಯಲ್ಲಿ, ಊತವಿದ್ದಾಗ ಈ ಸಾಹಸ ಬೇಡ. ಒಳಭಾಗ ಚಪ್ಪಟೆಯಾದ ಬಳೆ ಕೈಗೆ ಒರಗಿ ನಿಲ್ಲುತ್ತದೆ, ಒಳಗೂ ಗುಂಡಗಿರುವುದು ಸುಲಭವಾಗಿ ಜಾರುತ್ತದೆ. ಮೊಟ್ಟೆಯಾಕಾರದ್ದು ಮಣಿಕಟ್ಟಿನ ಮೇಲೆ ಚೆಂದ, ದಾಟಿಸುವುದು ಕಷ್ಟ. ಬರೆಯುವ ಕೈಗೆ ಯಾವುದೂ ಬೇಡ.

ನನ್ನ ಮೂರನೆಯ ಬಳೆ, ಲ್ಯಾವೆಂಡರ್ ಬಣ್ಣದ ಎ ವರ್ಗದ ಜೇಡೈಟ್, ನಲ್ಲಿಯ ತುದಿಗೆ ಬಡಿದು ಒಡೆಯಿತು. ಜೋರಾಗಿ ಬಡಿದದ್ದೂ ಅಲ್ಲ. ಟಾರ್ಚ್ ಹಿಡಿದು ಒಳಗೆ ನೋಡಿದಾಗ ಕಾಣುವ ಗೆರೆಗಳಲ್ಲಿ ಎರಡು ಬಗೆ: ಕಲ್ಲು ನೆಲದಡಿಯಲ್ಲಿದ್ದಾಗಲೇ ಬಿರಿದು ಮತ್ತೆ ಕೂಡಿಕೊಂಡ ಹಳೆಯ ಗೆರೆ ಒಂದು, ಇನ್ನೂ ತೆರೆದಿರುವ ಬಿರುಕು ಇನ್ನೊಂದು. ಉಗುರನ್ನು ಅಡ್ಡ ಎಳೆದಾಗ ತಡೆದರೆ ಅದು ಬಿರುಕು. ನನ್ನ ಬಳೆಯ ಗೆರೆಗೆ ಉಗುರು ತಡೆಯುತ್ತಿತ್ತು, ಅದೂ ಬಳೆಯನ್ನು ಅಡ್ಡಕ್ಕೆ ಕತ್ತರಿಸುವಂತೆ ಹಾದಿತ್ತು. ಉದ್ದುದ್ದಕ್ಕೆ ಹಾದ ಗೆರೆಗಿಂತ ಇದು ಅಪಾಯ. ಕೊಳ್ಳುವಾಗ ಬಣ್ಣಕ್ಕೆ ಮರುಳಾಗಿ ಉಗುರಿನ ಮಾತನ್ನು ಕೇಳಲಿಲ್ಲ. ಮೂರು ತುಂಡುಗಳನ್ನೂ ಅಕ್ಕಸಾಲಿಗರೊಬ್ಬರು ಬೆಳ್ಳಿಯ ಕೊಳವೆಗಳಲ್ಲಿ ಸೇರಿಸಿ, ಒಂದು ಕಡೆ ಕೀಲು ಇಟ್ಟುಕೊಟ್ಟರು. ಈಗ ಅದನ್ನು ಸೋಪಿಲ್ಲದೆ ತೆಗೆದು ಹಾಕಬಹುದು!

ಉಳಿದ ಹರಳುಗಳ ವಿಷಯದಲ್ಲಿ ನನ್ನದು ಚಿಕ್ಕ ಸಂಸಾರ. ಅಮೆಥಿಸ್ಟ್ ಸರವನ್ನು ಕಿಟಕಿಯ ಬಳಿ ತೂಗುಹಾಕಿ ಕೆಡಿಸಿದ್ದೇನೆ, ಬಿಸಿಲಿಗೆ ಅದರ ನೇರಳೆ ಕಳೆಗುಂದುತ್ತದೆ. ಮುತ್ತಿನ ಗಡಸುತನ 2.5ರಿಂದ 4.5, ಅದನ್ನು ಸ್ಫಟಿಕದ ಮಣಿಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ಏನಾಗುತ್ತದೆಂದು ನನ್ನ ಗೀರು ಬಿದ್ದ ಮುತ್ತುಗಳು ಹೇಳುತ್ತವೆ. ಈಗ ಪ್ರತಿಯೊಂದಕ್ಕೂ ಪ್ರತ್ಯೇಕ ಬಟ್ಟೆಯ ಚೀಲ. ಟರ್ಕಾಯ್ಸ್ ಸುಗಂಧದ್ರವ್ಯ, ಎಣ್ಣೆ, ಬೆವರು ಎಲ್ಲವನ್ನೂ ಹೀರಿ ಹಸಿರಾಗುತ್ತದೆ, ಆದ್ದರಿಂದ ಅಲಂಕಾರವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ತೊಡುತ್ತೇನೆ. ಪಚ್ಚೆಯ ಬಿರುಕುಗಳಿಗೆ ಎಣ್ಣೆ ತುಂಬಿಸುವುದು ಸಾಮಾನ್ಯ, ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಕಿದರೆ ಆ ಎಣ್ಣೆಗೆ ಸಂಚಕಾರ. ಸೀಸದ ಗಾಜು ತುಂಬಿದ ಮಾಣಿಕ್ಯ ಇನ್ನೂ ನಾಜೂಕು, ನಿಂಬೆರಸವೂ ಅದರ ಗಾಜನ್ನು ತಿನ್ನುತ್ತದೆ. ನನ್ನ ಬಳಿ ಇರುವ ಎಲ್ಲಕ್ಕೂ ಒಂದೇ ಮದ್ದು: ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆ.

ಹೊಸದಾಗಿ ಗಣಿಯಿಂದ ಬಂದ ಬರ್ಮಾ ಜೇಡೈಟ್ ಕೊಳ್ಳುವುದನ್ನು ಈಗ ಬಿಟ್ಟಿದ್ದೇನೆ. 2020ರ ಜುಲೈ 2ರಂದು ಅಲ್ಲಿನ ಕಚಿನ್ ರಾಜ್ಯದ ಫಾಕಾಂಟ್ ಗಣಿಯಲ್ಲಿ ಮಣ್ಣಿನ ರಾಶಿ ಕುಸಿದು 160ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಗಣಿ ಕಂಪನಿಗಳು ಎಸೆದ ಮಣ್ಣಿನಲ್ಲಿ ಕಲ್ಲು ಆಯುತ್ತಿದ್ದ ಬಡವರು. ಬೇಕೆನಿಸಿದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ಹಳೆಯ ಬಳೆಗಳನ್ನು ಹುಡುಕುತ್ತೇನೆ. ಹಳೆಯದರಲ್ಲಿ ಗೀರುಗಳಿರುತ್ತವೆ, ಇರಲಿ.

ಕಳೆದ ತಿಂಗಳು ಹಾಗೆ ಬಂದದ್ದು ಎಳೆಯ ಬಾಳೆಲೆಯ ಬಣ್ಣದ ಒಂದು ಬಳೆ. ಕೊಟ್ಟವರು ನೆಫ್ರೈಟ್ ಎಂದೇ ನಂಬಿದ್ದರು. 40.6 ಗ್ರಾಂ, ನೀರಿನ ಅಂಕಿ 15.8, ಲೆಕ್ಕ 2.57. ನನ್ನ ಪುಸ್ತಕದಲ್ಲಿ ದಿನಾಂಕ, ಎರಡೂ ತೂಕ ಬರೆದು, ಮುಂದೆ ‘ಸರ್ಪೆಂಟೈನ್’ ಎಂದು ಗುರುತು ಹಾಕಿದೆ. ಬಣ್ಣ ಎಷ್ಟು ಹಿತವಾಗಿದೆಯೆಂದರೆ ಇದನ್ನು ಬರೆಯುತ್ತಿರುವಾಗಲೂ ಎಡಗೈಯಲ್ಲಿ ಇರುವುದು ಅದೇ.